ದಂಡಿನವರೂ ಊರವರೂ: ಕಾಗಿಣಾ ಸೀಮೆಯ ಒಂದು ಸಮೀಕ್ಷೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನೊಳಗೊಂಡ ಈ ಕಾಗಿಣಾ ನದಿಯ ಸೀಮೆಯ ಜನರು ಸೈನಿಕನನ್ನು ಯಾವ ಭಾವದಿಂದ ಕಾಣುತ್ತ ಬಂದರೆಂದು ವಿಚಾರಿಸ ಹೊರಟವನಿಗೆ, ಕೊಡಗಿನಲ್ಲೋ ಬೆಳಗಾವಿಯಲ್ಲೋ ಕಾಣುವಂಥ ಅಖಂಡವಾದ ಸೈನಿಕ ಪರಂಪರೆ ಇಲ್ಲಿ ದೊರೆಯುವುದಿಲ್ಲ. ಗೌರವ, ಭೀತಿ, ಕೃತಜ್ಞತೆ, ಸಂಕಟ ಇವೆಲ್ಲವೂ ಬೇರೆಬೇರೆ ಕಾಲದಲ್ಲಿ ಇಲ್ಲಿ ನೆಲೆಗೊಂಡಿದ್ದುವು. ಇವುಗಳ ಏರಿಳಿತವು ಸೈನಿಕನ ಶೌರ್ಯವನ್ನು ಅನುಸರಿಸಿದುದಕ್ಕಿಂತ ಹೆಚ್ಚಾಗಿ, ಅವನು ಯಾರ ಅನ್ನ ಉಂಡು ಯಾರಿಗೆ ಉತ್ತರ ಹೇಳಬೇಕಾಗಿದ್ದಿತೆಂಬುದನ್ನೇ ಅನುಸರಿಸಿತೆಂಬುದು ನನ್ನ ಅಭಿಪ್ರಾಯ.

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅವರ ಸೇನೆ ಸಂಬಳದ ಸೇನೆಯಾಗಿದ್ದಿತು. 851ರಲ್ಲಿ ರಚಿತವಾದ, ಅರಬ್ ವರ್ತಕ ಸುಲೈಮಾನನ ಹೆಸರಿನಿಂದ ಪ್ರಸಿದ್ಧವಾದ ವೃತ್ತಾಂತವು, ಬಲ್ಹರಾ, ಅಂದರೆ ರಾಷ್ಟ್ರಕೂಟ ದೊರೆ, ತನ್ನ ಯೋಧರಿಗೆ ಕ್ರಮವಾಗಿ ವೇತನ ಕೊಡುತ್ತಿದ್ದನೆಂದು ವಿಶೇಷವಾಗಿ ನಮೂದಿಸಿದೆ. ಆದರೆ ಆ ಕಾಲದ ಬಂಟನನ್ನು ಒಡೆಯನಿಗೆ ಕಟ್ಟಿದ್ದುದು ವೇತನವೊಂದೇ ಅಲ್ಲ, ಜೋಳದ ಪಾಳಿಯೆಂಬ ಅನ್ನದ ಋಣ. ಇಂದಿಗೂ ಜೋಳದ ರೊಟ್ಟಿಯನ್ನೇ ಉಣ್ಣುವ ಈ ನಾಡಿನಲ್ಲಿ ಆ ಋಣಭಾವವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದೂ, ಗೆದ್ದುಬಂದವನಿಗೆ ಬಾಳ್ಗಚ್ಚೆಂದೂ ಭೂಮಿ ಸಲ್ಲುತ್ತಿದ್ದಿತು. ಮಾನ್ಯಖೇಟದ ಮೂರನೆಯ ಕೃಷ್ಣನು 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಂಗತಿಯನ್ನು ಹೇಳುವ ಆತಕೂರಿನ ಕಲ್ಲನ್ನು ಓದಿದವರು ಬಲ್ಲರು: ಆ ಕಾಳಗದಲ್ಲಿ ಮೆರೆದ ಮಣಲೇರನು ತನ್ನ ಒಡೆಯನಾದ ಗಂಗರ ಅರಸ ಬೂತುಗನಿಂದ ಮೆಚ್ಚಾಗಿ ಬೇಡಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು, ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೂ ಅವನು ಕಲ್ಲು ನಿಲ್ಲಿಸಿದನು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ಶಾಸನಗಳ ಸಾಂಸ್ಕೃತಿಕ ಅಧ್ಯಯನವು ಇಂಥ ಕಲ್ಲುಗಳನ್ನು ಅರಸರ ವಂಶಾವಳಿಯ ಆಚೆಗೆ, ಸಾಮಾನ್ಯ ಯೋಧನ ಬದುಕಿನ ಸಾಕ್ಷ್ಯವಾಗಿ ಓದುವ ಹಾದಿಯನ್ನು ತೋರಿಸಿತು.

ಆದಾಗ್ಯೂ ಈ ಕಲ್ಲುಗಳು ನುಡಿಯುವುದು ಯೋಧನ ಮತ್ತು ಒಡೆಯನ ಮಾತನ್ನು. ದಂಡು ಹಾದುಹೋದ ಹೊಲದ ಒಕ್ಕಲಿಗನ ಮಾತನ್ನಲ್ಲ. 972ರಲ್ಲಿ ಮಾಳವದ ಸೀಯಕನು ಮಾನ್ಯಖೇಟವನ್ನು ಸೂರೆಗೈದ ವಿಷಯವು, ಧನಪಾಲನು ತನ್ನ ತಂಗಿಗಾಗಿ ರಚಿಸಿದ ಪ್ರಾಕೃತ ನಿಘಂಟೊಂದರಲ್ಲಿ ಗ್ರಂಥ ಮುಗಿದ ಕಾಲವನ್ನು ಸೂಚಿಸುವ ಸಲುವಾಗಿ ಬಂದಿದೆ. ಒಂದು ಮಹಾನಗರದ ಜನರ ದುಃಖವು ಗೆದ್ದವರ ನಾಡಿನಲ್ಲಿ ಕೇವಲ ಕಾಲಗಣನೆಯ ಗುರುತಾಯಿತು.

ಶತಮಾನಗಳ ಬಳಿಕ, ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿ ದಂಡಿಗೂ ಊರಿಗೂ ಇದ್ದ ಋಣಾನುಬಂಧವೇ ಕಡಿದುಹೋಯಿತು. 1798ರ ಸಹಾಯಕ ಸೈನ್ಯದ ಒಪ್ಪಂದದ ಬಳಿಕ ಸಿಕಂದರಾಬಾದಿನಲ್ಲಿ ಬ್ರಿಟಿಷರ ಛಾವಣಿ ಬೆಳೆಯಿತು. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟ್ ಪಡೆಯ ವೆಚ್ಚ ತೆರಲಾರದೆ ನಿಜಾಮರು 1853ರಲ್ಲಿ ವರ್ಹಾಡ ಪ್ರಾಂತವನ್ನೇ ಬ್ರಿಟಿಷರ ವಶಕ್ಕೆ ಒಪ್ಪಿಸಬೇಕಾಯಿತು. ನಿಜಾಮರ ಸ್ವಂತ ಪಡೆಯಲ್ಲಾದರೋ ಅರಬರು, ರೋಹಿಲರು, ಸಿಖ್ಖರು ಮೊದಲಾದ ಹೊರಗಿನವರ ತುಕಡಿಗಳು ತುಂಬಿದ್ದುವು. ಅರಬ್ ಜಮಾದಾರರು ಸಾಲ ಕೊಟ್ಟು ಆಯುಧಬಲದಿಂದ ವಸೂಲು ಮಾಡುತ್ತಿದ್ದರೆಂಬುದು ಇತಿಹಾಸಪ್ರಸಿದ್ಧವಾದ ಮಾತು. ನೆರೆಯ ಸುರಪುರದಲ್ಲಿ 1858ರಲ್ಲಿ ಬ್ರಿಟಿಷರಿಗೆ ಎದುರಾಗಿ ವೆಂಕಟಪ್ಪ ನಾಯಕನೊಡನೆ ನಿಂತ ಬೇಡರ ಪಡೆಯನ್ನು ಜನರು ತಮ್ಮದೆಂದು ನೆನೆದರೆ, ಸರಕಾರದ ಸಿಪಾಯಿಯನ್ನು ಕಂಡು ಬಾಗಿಲಿಕ್ಕಿಕೊಂಡರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ರೈಲುಮಾರ್ಗದ ಹಿಂದೆಯೂ ಆ ಛಾವಣಿಯ ಅಗತ್ಯವಿದ್ದಿತು.

1948ರ ಸೆಪ್ಟೆಂಬರಿನ ವಿಷಯದಲ್ಲಿ ಅವಸರ ಸಲ್ಲದು. ನಿಜಾಮರ ಪಕ್ಷದ ಸಶಸ್ತ್ರ ಸ್ವಯಂಸೇವಕರಾದ ರಜಾಕಾರರ ಹಾವಳಿಯಿಂದ ಕಂಗೆಟ್ಟು, ರಾತ್ರಿ ಹೊಲದ ಮಂಚಿಕೆಗಳಲ್ಲಿ ಎಚ್ಚರವಿದ್ದು ಕಾಲ ಕಳೆದಿದ್ದ ಹಳ್ಳಿಗರಿಗೆ, 13ರಂದು ಹೈದರಾಬಾದ್ ಸಂಸ್ಥಾನದ ಗಡಿ ದಾಟಿ ಬಂದ ಜನರಲ್ ಚೌಧುರಿಯವರ ಭಾರತೀಯ ಸೇನೆ ಮೊತ್ತಮೊದಲ ಬಾರಿಗೆ ‘ನಮ್ಮ ದಂಡು’ ಆಯಿತು. 17ರಂದು ನಿಜಾಮರು ಕದನವಿರಾಮ ಸಾರಿದರು. ಆ ಕೃತಜ್ಞತೆ ನಿಜವಾದುದು. ಹಿರಿಯರು ಇಂದಿಗೂ ‘ಪೊಲೀಸ್ ಆ್ಯಕ್ಷನ್’ ಆದ ವರ್ಷದಿಂದಲೇ ತಮ್ಮ ವಯಸ್ಸನ್ನು ಎಣಿಸುವುದುಂಟು. ಆದರೆ ಅದರ ಬೆನ್ನಿಗೇ ನಡೆದ ಹತ್ಯೆ ಲೂಟಿಗಳಲ್ಲಿ ನಿರಪರಾಧಿ ಮುಸಲ್ಮಾನ ಕುಟುಂಬಗಳು ನೊಂದುವೆಂಬುದೂ ಅಷ್ಟೇ ನಿಜ. ಕೇಂದ್ರ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಎಣಿಸಿ, ಸೇನಾಧಿಕಾರಿಗಳ ಶಿಸ್ತನ್ನು ಪ್ರಶಂಸಿಸಿದರೂ, ಕೆಲವೆಡೆ ಸಮವಸ್ತ್ರದವರೇ ಲೂಟಿಯಲ್ಲಿ ಪಾಲುಗೊಂಡುದನ್ನು ದಾಖಲಿಸಿತು. ಆ ವರದಿ ದೀರ್ಘಕಾಲ ಕಡತಗಳಲ್ಲೇ ಉಳಿದಿದ್ದಿತು. ಒಂದೇ ಓಣಿಯಲ್ಲಿ ಒಬ್ಬ ಅಜ್ಜಿ ಸೈನಿಕನನ್ನು ರಕ್ಷಕನೆಂದೂ ಇನ್ನೊಬ್ಬ ಅಜ್ಜಿ ಭಯವೆಂದೂ ನೆನೆಯುವಾಗ, ಇಬ್ಬರ ಮಾತನ್ನೂ ಬರೆದಿಡದ ಚರಿತ್ರೆ ಅಪೂರ್ಣವೇ ಸರಿ.

ತರುವಾಯದ ಕಥೆ ಸಂಕ್ಷಿಪ್ತ. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ತೆರೆಯಿತು. ಬೆಳಗಾವಿಯ ಭರ್ತಿ ಕಚೇರಿಯ ಮೂಲಕ ಈ ಜಿಲ್ಲೆಯ ತರುಣರೂ ಸೇನೆ ಸೇರತೊಡಗಿದರು. 1999ರ ಕಾರ್ಗಿಲ್ ಯುದ್ಧವನ್ನು ಜನರು ಮನೆಯಲ್ಲೇ ಟಿ.ವಿ.ಯಲ್ಲಿ ಕಂಡರು, 2016ರಲ್ಲಿ ಸಿಯಾಚಿನ್ನಿನ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೆಲ್ಲ ಹರಕೆ ಹೊತ್ತಿತು. ಈಗ ನಿವೃತ್ತನಾಗಿ ಬಂದ ಯೋಧನನ್ನು ತೆರೆದ ಜೀಪಿನಲ್ಲಿ ಹಲಗೆ ಬಾರಿಸಿ ಮೆರೆಸುತ್ತಾರೆ. ಆದರೆ ಅದೇ ಊರಿನಲ್ಲಿ, ‘ಮಿಲ್ಟ್ರಿಯಾಗಿದ್ದವಗ ಹೆಣ್ಣು ಹ್ಯಾಂಗ ಕೊಡೂದು’ ಎಂದು ತಾಯಂದಿರು ಹಿಂಜರಿಯುವರು. ಮೆರೆದವನೇ ಕೆಲ ತಿಂಗಳಲ್ಲಿ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತಿರುವನು. 2022ರ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕು ವರ್ಷ. ನೂರಕ್ಕೆ ಇಪ್ಪತ್ತೈದರಷ್ಟು ಮಂದಿಗೆ ಮಾತ್ರ ಮುಂದುವರಿಕೆ. ಉಳಿದವರಿಗೆ ಇಡಿಗಂಟು ಉಂಟು, ಪಿಂಚಣಿ ಇಲ್ಲ. ನಸುಕಿನಲ್ಲಿ ರಸ್ತೆಯ ಮೇಲೆ 1600 ಮೀಟರ್ ಓಟದ ಅಭ್ಯಾಸ ಮಾಡುವ ಹುಡುಗರಿಗೆ ಇದು ಗೊತ್ತು. ಓಡುವುದನ್ನು ಅವರು ಬಿಟ್ಟಿಲ್ಲ.

ನೆತ್ತರುಗೊಡಗೆ ಕೊಟ್ಟ ನಾಡಿನವರಾದ ನಾವು ಮೆರವಣಿಗೆಯಷ್ಟರಿಂದ ತೃಪ್ತರಾಗತಕ್ಕುದಲ್ಲ. ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ತನ್ನ ಊರಿನಿಂದ ಸೇನೆಗೆ ಹೋದವರ, ಮರಳಿದವರ, ಮರಳದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಯಿಸಲಿ. ಅವರ ಮಡದಿ ಮಕ್ಕಳ ಕಾಗದಪತ್ರಗಳಿಗಾಗಿ ಊರಿನ ಓದು ಬಲ್ಲವರು ಕಚೇರಿಗೆ ಜೊತೆಯಲ್ಲಿ ಹೋಗಲಿ. ಶಾಲೆಯ ಮೇಷ್ಟ್ರುಗಳು 1948ನ್ನು ಕಂಡ ಮುದುಕ ಮುದುಕಿಯರ ಮಾತನ್ನು ಈ ವರ್ಷವೇ ಬರೆದುಕೊಳ್ಳಲಿ. ಆಗ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ.