ಬೆದರಿದ ಊರು, ಹೊಸ ಆಟಗಾರ: ಏಕಚಕ್ರದಿಂದ ಹಾಮ್ಲೆಟ್‌ವರೆಗೆ

ಮಂಗಳೂರಿನ ಕದ್ರಿ ಗುಡ್ಡದ ಕಲ್ಲುಗುಹೆಗಳನ್ನು ಜನ ಪಾಂಡವರ ಗುಹೆಗಳೆಂದು ಕರೆಯುತ್ತಾರೆ. ಕದ್ರಿಯ ಚರಿತ್ರೆಗೆ ಗಟ್ಟಿ ಆಧಾರ, ಆಳುಪ ಅರಸ ಕುಂದವರ್ಮ 968ರಲ್ಲಿ ಅಲ್ಲಿನ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರ ವಿಗ್ರಹದ ಪೀಠಶಾಸನ. ಗುಹೆಗಳ ಹೆಸರು ಪಾಂಡವರು ಇಲ್ಲಿ ತಂಗಿದ್ದಕ್ಕೆ ಸಾಕ್ಷಿಯಾಗದು; ವೇಷ ಮರೆಸಿ ಅಲೆದವರ ಕಥೆಯನ್ನು ಈ ನೆಲ ತನ್ನದಾಗಿಸಿಕೊಂಡದ್ದಕ್ಕೆ ಸಾಕ್ಷಿಯಾಗುತ್ತದೆ. ಆ ಅಲೆದಾಟದ ಒಂದು ಘಟ್ಟವೇ ಏಕಚಕ್ರವೆಂಬ ಊರು.

ಮಹಾಭಾರತದ ಆದಿಪರ್ವದ ಬಕವಧೆಯಲ್ಲಿ ಈ ಊರಿನ ಮನೆಗಳು ಸರದಿಯಂತೆ ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯನನ್ನು ಬಕನೆಂಬ ರಾಕ್ಷಸನಿಗೆ ಒಪ್ಪಿಸಬೇಕು. ಸರದಿ ಬಂದ ಮನೆಯಲ್ಲಿ ಗಂಡ, ಹೆಂಡತಿ, ಮಗಳು ಒಬ್ಬೊಬ್ಬರೂ ತಾನೇ ಹೋಗುವೆನೆನ್ನುತ್ತಾರೆ. ಪುಟ್ಟ ಮಗ ಹುಲ್ಲುಕಡ್ಡಿ ಹಿಡಿದು ರಾಕ್ಷಸನನ್ನು ಕೊಲ್ಲುವೆನೆನ್ನುತ್ತಾನೆ. ಪಾಂಡವರಿಗೆ ಆಶ್ರಯ ಕೊಟ್ಟ ಈ ಮನೆಯ ಋಣಕ್ಕಾಗಿ ಅವರ ತಾಯಿ ಕುಂತಿ ಭೀಮನನ್ನು ಕಳುಹಿಸಲು ನಿಶ್ಚಯಿಸುತ್ತಾಳೆ; ಧರ್ಮರಾಯ ಆಕ್ಷೇಪಿಸುತ್ತಾನೆ. ಕಾಳಗಕ್ಕಿಂತ ಮೊದಲಿನ ಈ ಚರ್ಚೆಯೇ ಕಥೆಯ ಜೀವಾಳ.

ಇಂಥ ಚರ್ಚೆಯನ್ನು ಕರಾವಳಿಯ ತಾಳಮದ್ದಳೆ ಕಲೆಯಾಗಿಯೇ ಬೆಳೆಸಿತು. ಪ್ರಸಂಗದ ಪದ್ಯಗಳು ಕಥೆಯ ಜಾಡು ಹಾಕುತ್ತವೆ, ಅವನ್ನು ಹಾಡುವ ಭಾಗವತ ಕಥೆಯನ್ನು ನಡೆಸುತ್ತಾನೆ. ಮಾತು ಮಾತ್ರ ಪಾತ್ರ ವಹಿಸುವ ಅರ್ಥಧಾರಿಯದು. ವೇಷವಿಲ್ಲದೆ, ಕುಳಿತಲ್ಲಿಯೇ, ಎದುರಾಳಿಯ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು.

ಮಾತಿನಿಂದಲೇ ಕಥೆ ಬೆಳೆಯುವ ಇನ್ನೊಂದು ಆಟ ದೂರದಲ್ಲಿ ಹುಟ್ಟಿತು: ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾಯಿತು. ಅಲ್ಲಿ ಕಥೆ ನಡೆಸುವವನೊಬ್ಬ, ಪಾತ್ರ ವಹಿಸಿ ಮಾತಾಡುವವರು ಉಳಿದವರು. ಗೈಗ್ಯಾಕ್ಸ್ 1979ರಲ್ಲಿ ಈ ಆಟದ ಮೊದಲ ಹಂತದ ಪಾತ್ರಗಳಿಗಾಗಿ ‘ದಿ ವಿಲೇಜ್ ಆಫ್ ಹಾಮ್ಲೆಟ್’ ಎಂಬ ಸಾಹಸವನ್ನು ಬರೆದರು: ರೈತರು, ಕಮ್ಮಾರ, ಛತ್ರ ಇರುವ ಹಳ್ಳಿ, ಸಮೀಪದ ಪಾಳುಕೋಟೆಯಲ್ಲಿ ಮತ್ತೆ ಸೇರುತ್ತಿರುವ ದುಷ್ಟಕೂಟ. ಇದೇ ಆಟಕ್ಕಾಗಿ ಡಗ್ಲಾಸ್ ನೈಲ್ಸ್ ಬರೆದ 1982ರ ಸಾಹಸದಲ್ಲಿ ಓರ್ಲೇನ್ ಎಂಬ ಹಳ್ಳಿಯ ಜನರನ್ನೇ ಸರ್ಪದೇವತೆಯ ಪಂಥ ಒಳಗಿನಿಂದ ವಶಮಾಡಿಕೊಳ್ಳುತ್ತದೆ.

ಏಕಚಕ್ರದ ಕಥೆ, ತಾಳಮದ್ದಳೆಗಳಿಂದ ಈ ಆಟ ಹುಟ್ಟಿತೆಂಬುದು ಈ ಲೇಖನದ ವಾದವಲ್ಲ. ವ್ಯತ್ಯಾಸವೂ ದೊಡ್ಡದು: ಭೀಮ ಹಿಡಿಂಬನನ್ನು ಕೊಂದು ಬಂದ ಬಲಶಾಲಿ, ಹಾಮ್ಲೆಟ್‌ಗೆ ಬರುವವರು ಅನನುಭವಿಗಳು; ತಾಳಮದ್ದಳೆಯಲ್ಲಿ ಕಥೆಯ ಕೊನೆ ಮೊದಲೇ ಗೊತ್ತು, ಈ ಆಟದಲ್ಲಿ ದಾಳ ಅದನ್ನು ಬದಲಿಸಬಹುದು. ಆದರೂ ಎರಡರ ಅಡಿಪಾಯ ಒಂದೇ. ಹೊರಗಿನಿಂದ ಬಂದವನು ಊರಿನವರನ್ನು ಹೆಸರು ಹಿಡಿದು ಬಲ್ಲವನಾದ ಮೇಲೆಯೇ ಅವರ ಭಯ ಅವನದಾಗುತ್ತದೆ. ಸಾಮ್ರಾಜ್ಯದ ಅಳಿವು ಉಳಿವು ಹೊಸಬನಿಗೆ ದೂರದ ಸುದ್ದಿ. ಅನ್ನ ಕೊಟ್ಟ ಮನೆಯ ಅಳು ಹಾಗಲ್ಲ. ಆದ್ದರಿಂದ ಹೊಸ ಆಟಗಾರರಿಗೆ ಸಾಹಸ ಹೆಣೆಯುವವರು ರಾಕ್ಷಸನ ಗುಹೆಗಿಂತ ಮೊದಲು ಆ ಮನೆಯನ್ನು ಕಟ್ಟಬೇಕು. ಕನ್ನಡದಲ್ಲಿ ಅಂಥ ಆಟ ಬರೆಯುವವರಿಗೆ ತಾಳಮದ್ದಳೆಯ ಕೂಟ ಸಿದ್ಧ ಪಾಠಶಾಲೆ.