ಹುಚ್ಚಾಸ್ಪತ್ರೆಯಿಂದ ತಾಲ್ಲೂಕು ಆಸ್ಪತ್ರೆಯವರೆಗೆ: ಮಾನಸಿಕ ಆರೋಗ್ಯ ನೀತಿ ಮತ್ತು ಕಳಂಕ

ಭಾರತದಲ್ಲಿ ಮಾನಸಿಕ ಕಾಯಿಲೆಗೆ ಅಂಟಿದ ಕಳಂಕವನ್ನು ಜನರ ಅಜ್ಞಾನದ ಲೆಕ್ಕಕ್ಕೆ ಬರೆದುಬಿಡುವ ರೂಢಿಯಿದೆ. ಅದರಲ್ಲಿ ದೊಡ್ಡ ಪಾಲು ಸರ್ಕಾರದ ಕಾನೂನಿಗೂ ಸೇರಬೇಕು. 1858ರ ಹುಚ್ಚಾಸ್ಪತ್ರೆ ಕಾಯಿದೆ ಮತ್ತು ಅದರ ಜಾಗಕ್ಕೆ ಬಂದ 1912ರ ಲೂನಸಿ ಕಾಯಿದೆ, ಎರಡೂ ರೋಗಿಯನ್ನು ಮುಖ್ಯವಾಗಿ ಕಂಡದ್ದು ಸಾರ್ವಜನಿಕ ಶಾಂತಿಗೆ ತೊಡಕಾಗುವವನೆಂದು. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಮನೆಯವರೇ ಕರೆತಂದರೂ ಆಸ್ಪತ್ರೆಗೆ ಸೇರಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ತಾನಾಗಿ ಬಂದು ಸೇರುತ್ತೇನೆಂಬವನಿಗೂ ಸಂದರ್ಶಕ ಮಂಡಳಿಯ ಇಬ್ಬರು ಒಪ್ಪಿಗೆ ಕೊಡಬೇಕಿತ್ತು. ಜ್ವರ ಬಂದವನು ನೇರ ಡಾಕ್ಟರ ಬಳಿ ಹೋಗುತ್ತಿದ್ದ, ಮನಸ್ಸು ಕೆಟ್ಟವನು ಕೋರ್ಟು ಹಾದು ಹೋಗಬೇಕಿತ್ತು. ಇದನ್ನು ಕಂಡ ಊರಿನವರು ಕಾಯಿಲೆಯನ್ನು ಅಪರಾಧದ ಪಕ್ಕದಲ್ಲಿಟ್ಟು ನೋಡಿದ್ದರಲ್ಲಿ ಅಚ್ಚರಿಯೇನೂ ಇಲ್ಲ.

ಹೆಸರು ಬದಲಿಸುವುದರಿಂದ ಸುಧಾರಣೆ ಶುರುವಾಯಿತು. 1920ರ ದಶಕದಲ್ಲಿ ಹುಚ್ಚರ ಆಶ್ರಯಗಳು ‘ಮಾನಸಿಕ ಆಸ್ಪತ್ರೆ’ಗಳಾದವು, ಹತ್ತೊಂಬತ್ತನೇ ಶತಮಾನದ ನಡುಭಾಗದಿಂದ ನಡೆದು ಬಂದಿದ್ದ ಬೆಂಗಳೂರಿನ ಸಂಸ್ಥೆಗೆ ಈ ಹೆಸರು ಬಂದದ್ದು 1925ರಲ್ಲಿ. ಮುಂದೆ ಮನೋವೈದ್ಯ ಎಂ.ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಅದು ಕಲಿಕೆಯ ಕೇಂದ್ರವಾಗಿ ಬೆಳೆಯಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, 1974ರ ಡಿಸೆಂಬರಿನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಆದರೆ ಉಳಿದ ಕಡೆ ಬೋರ್ಡು ಬದಲಾದರೂ ಗೋಡೆ, ಬೀಗ, ಕೋಣೆ ಹಾಗೇ ಇದ್ದವು. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ವರದಿ ಕೊಟ್ಟಾಗ ಅವಿಭಜಿತ ಭಾರತದಲ್ಲಿ ಮಾನಸಿಕ ರೋಗಿಗಳಿಗಿದ್ದ ಹಾಸಿಗೆಗಳು ಸುಮಾರು 10,000 ಮಾತ್ರ. ಅವುಗಳ ಸ್ಥಿತಿಯೂ ಶೋಚನೀಯವಾಗಿತ್ತು.

ನಿಜವಾದ ಬದಲಾವಣೆ ಬಂದದ್ದು ಚಿಕಿತ್ಸೆಯ ಜಾಗ ಬದಲಾದಾಗ. 1933ರಲ್ಲೇ ಕಲ್ಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಗಿರೀಂದ್ರಶೇಖರ ಬೋಸ್ ಸಾಮಾನ್ಯ ಆಸ್ಪತ್ರೆಯೊಳಗೇ ಮನೋವೈದ್ಯಕೀಯ ಘಟಕ ತೆರೆದಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ವಿದ್ಯಾಸಾಗರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಇದಕ್ಕೆ ಕಾರಣವೂ ಇತ್ತು: ವಾರ್ಡಿನೊಳಗೆ ಬಿಟ್ಟುಹೋದವರನ್ನು ವಾಪಸು ಕರೆದೊಯ್ಯಲು ಮನೆಯವರು ಬರುತ್ತಲೇ ಇರಲಿಲ್ಲ. ಡೇರೆಯಲ್ಲಿ ಇದ್ದವರು ರೋಗ ಇಳಿಯುವುದನ್ನು ಕಣ್ಣಾರೆ ಕಂಡರು, ರೋಗಿಯನ್ನು ಜೊತೆಗೇ ಕರೆದುಕೊಂಡು ಹೋದರು. ಹೊಸದಾಗಿ ಬಂದಿದ್ದ ಕ್ಲೋರ್‌ಪ್ರೊಮಜೀನ್‌ನಂಥ ಔಷಧಗಳು ಈ ದಾರಿಯನ್ನು ಸುಲಭಗೊಳಿಸಿದವು. ಇಂದಿಗೂ ಭಾರತದ ಮನೋವೈದ್ಯಕೀಯ ವಾರ್ಡುಗಳಲ್ಲಿ ರೋಗಿಯ ಪಕ್ಕ ಮನೆಯವರೊಬ್ಬರು ಉಳಿಯುವುದು ಸಾಮಾನ್ಯ. ಅದರ ಹಿಂದೆ ಈ ಪ್ರಯೋಗವಿದೆ.

ಮನೆಗೆ ಮರಳಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಮೊದಲು ಗಟ್ಟಿಯಾಗಿ ಎತ್ತಿದ್ದು ವೈದ್ಯರಲ್ಲ, ಒಬ್ಬ ಕಾದಂಬರಿಕಾರ್ತಿ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆಂದು ಯಾರೂ ನಂಬುವುದಿಲ್ಲ. ಗಂಡ, ನೆರೆಹೊರೆ ಎಲ್ಲರ ಅನುಮಾನವೇ ಅವಳನ್ನು ಮತ್ತೆ ಕೆಡವುತ್ತದೆ. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಈ ಪಾತ್ರ ಮಾಡಿದ ಮೇಲೆ ಕಥೆ ಮನೆಮಾತಾಯಿತು. ಕಾಯಿಲೆಯ ಹೆಸರೇ ಸಂಬಂಧ ಕೆಡಿಸುತ್ತದೆಂಬ ಭಯ ಸಂಶೋಧನೆಗೂ ಸಿಕ್ಕಿದೆ. ಆರ್. ರಘುರಾಮ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಖಿನ್ನತೆಯ ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸರ, ದುಃಖ ಹೆಚ್ಚಿದ್ದವರಲ್ಲಿ ಕಳಂಕದ ಭಯವೂ ಹೆಚ್ಚು, ಮೈಕೈ ನೋವು, ಸುಸ್ತು ಹೇಳುವವರಲ್ಲಿ ಕಡಿಮೆ ಎಂದು ಕಂಡಿತು. ದುಃಖ ಎಂದರೆ ಮದುವೆಯ ಮಾತು ಕೆಡುತ್ತದೆ, ತಲೆನೋವು ಯಾರಿಗಾದರೂ ಬರುವಂಥದ್ದು. ರೋಗಿ ತನ್ನ ಸಂಕಟಕ್ಕೆ ಮೈನೋವೆಂದು ಹೆಸರಿಡುವುದು ಮೌಢ್ಯವಲ್ಲ, ಜಾಣತನ.

ಇಂಥ ಜನರ ಬಳಿಗೆ ಚಿಕಿತ್ಸೆಯನ್ನೇ ಒಯ್ಯುವ ಯೋಚನೆ 1975ರ ಹೊತ್ತಿಗೆ ಎರಡು ಕಡೆ ರೂಪುಗೊಂಡಿತು: ಚಂಡೀಗಢದ ಹತ್ತಿರದ ರಾಯ್‌ಪುರ್ ರಾನಿಯಲ್ಲಿ, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಚಿಕ್ಕ ತರಬೇತಿ ಕೊಟ್ಟರೆ ಸಾಮಾನ್ಯ ಮಾನಸಿಕ ಕಾಯಿಲೆಗಳನ್ನು ಅವರೇ ಗುರುತಿಸಿ ಉಪಚರಿಸಬಲ್ಲರು ಎಂಬುದು ಅಲ್ಲಿ ತಿಳಿಯಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ. ಕಾರ್ಯಕ್ರಮವನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಒರೆಗೆ ಹಚ್ಚಿದ್ದು ಬಳ್ಳಾರಿ, 1985ರಿಂದ 1990ರವರೆಗೆ. ಕೆಲವೇ ಬಗೆಯ ಅಗತ್ಯ ಮಾತ್ರೆಗಳು, ಸರಳ ದಾಖಲೆ ಪುಸ್ತಕ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ನೆರವು, ಇಷ್ಟೇ ಅದರ ಬಂಡವಾಳ. ಕೆಮ್ಮು, ನೆಗಡಿಗೆ ಬಂದವರ ಸಾಲಿನಲ್ಲೇ ಸ್ಕಿಜೋಫ್ರೇನಿಯಾ, ಮೂರ್ಛೆರೋಗದವರೂ ನಿಂತು ಮಾತ್ರೆ ಪಡೆದರು. ಕಳಂಕ ಕರಗಿಸುವುದರಲ್ಲಿ ಈ ಸಾಲು ನೂರು ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡಿತೆನ್ನಬಹುದು. 1996ರಲ್ಲಿ ‘ಬಳ್ಳಾರಿ ಮಾದರಿ’ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ನಾಲ್ಕು ಜಿಲ್ಲೆಗಳಿಗೆ, ಮುಂದೆ ದೇಶದ ಹೆಚ್ಚಿನ ಜಿಲ್ಲೆಗಳಿಗೆ ಹಬ್ಬಿತು, ಹಬ್ಬಿದಷ್ಟು ಬೇರೂರಲಿಲ್ಲ. ಇದರ ಜೊತೆಗೇ ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಅವರಂಥವರು ಪುಸ್ತಕ, ಅಂಕಣ, ಭಾಷಣಗಳ ಮೂಲಕ ಕನ್ನಡದಲ್ಲಿ ಮನೋರೋಗದ ಬಗ್ಗೆ ನಿಸ್ಸಂಕೋಚವಾಗಿ ಮಾತಾಡುವ ರೂಢಿ ಹಾಕಿದರು.

ಕಾನೂನು ಮಾತ್ರ ನಿಧಾನ. 1912ರ ಕಾಯಿದೆಯನ್ನು ತೆಗೆದು 1987ರಲ್ಲಿ ಮಾಡಿದ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. ಅಪರಾಧವನ್ನೇ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಶೀಲಾ ಬಾರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ವರ್ಷ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಮನೋರೋಗಿಗಳಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ತಪ್ಪಿಸಿಕೊಳ್ಳಲಾಗದೆ ಸತ್ತರು. ಆಗ ದೂರು ಹೆಚ್ಚಾಗಿ ಮೂಢನಂಬಿಕೆಯ ಮೇಲೆ ಬಿತ್ತು. ಅಲ್ಲಿಗೆ ಬಂದವರಿಗೆ ಹತ್ತಿರದಲ್ಲಿ ಬೇರೆ ಎಲ್ಲಿ ಚಿಕಿತ್ಸೆಯಿತ್ತು ಎಂದು ಕೇಳಿದವರು ಕಡಿಮೆ.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿದ ಮೇಲೆ ಹೊಸ ಕಾನೂನು ಅನಿವಾರ್ಯವಾಯಿತು. 2014ರಲ್ಲಿ ರಾಷ್ಟ್ರೀಯ ನೀತಿ ಬಂತು, 2018ರ ಮೇ 29ರಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಜಾರಿಯಾಯಿತು. ಚಿಕಿತ್ಸೆ ಪಡೆಯುವುದು ಈಗ ಹಕ್ಕು. ಸರಪಳಿ ಹಾಕುವಂತಿಲ್ಲ, ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ. ಮುಂದೆ ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಕಾಣಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರನ್ನು ಶಿಕ್ಷಿಸಬಾರದೆಂದು 115ನೇ ಸೆಕ್ಷನ್ ಹೇಳಿತು. ಆ ಯತ್ನವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 309ನೇ ಸೆಕ್ಷನ್ ಪುಸ್ತಕದಿಂದ ಹೋದದ್ದು 2024ರ ಜುಲೈನಲ್ಲಿ, ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ. ಸರ್ಕಾರಿ ನೌಕರನನ್ನು ಮಣಿಸಲು ಮಾಡಿದ ಯತ್ನ ಮಾತ್ರ ಈಗಲೂ ಅಪರಾಧವಾಗಿ ಉಳಿದಿದೆ.

ಕಾನೂನಿಗೂ ನೆಲದ ಸ್ಥಿತಿಗೂ ನಡುವಿನ ಅಂತರ ಎಷ್ಟೆಂದು ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ತೋರಿಸಿತು. ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯ ಹೊರಗಿದ್ದರು. ಈ ಕಂದರ ತುಂಬಲು ಕರ್ನಾಟಕದಲ್ಲಿ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಸುವ ವ್ಯವಸ್ಥೆಯಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ನಿಮ್ಹಾನ್ಸ್ ಮಾರ್ಗದರ್ಶಕ ಕೇಂದ್ರ. ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ನೋಡಿಯಾರು ಎಂದು ಹಿಂಜರಿಯುವವರಿಗೆ ಫೋನು ಅನುಕೂಲ. ಆದರೆ ಕೇಂದ್ರದ ಆರೋಗ್ಯ ಬಜೆಟ್ಟಿನಲ್ಲಿ ಮಾನಸಿಕ ಆರೋಗ್ಯಕ್ಕೆ ಸಿಗುವುದು ಶೇ 1ರ ಆಸುಪಾಸು, ಅದರಲ್ಲೂ ಹೆಚ್ಚಿನದು ದೊಡ್ಡ ಸಂಸ್ಥೆಗಳಿಗೆ.

ಹಳೆಯ ಕಾನೂನುಗಳ ಅವಶೇಷವೂ ಪೂರ್ತಿ ಹೋಗಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗವನ್ನು 1999ರಲ್ಲಿ, ವಿಚ್ಛೇದನಕ್ಕೆ ಕಾರಣವಾಗಿದ್ದ ಕುಷ್ಠರೋಗವನ್ನು 2019ರಲ್ಲಿ ಕೈಬಿಡಲಾಯಿತು. ಮನೋರೋಗ ಇಂದಿಗೂ ಆ ಕಾಯಿದೆಯ 13ನೇ ಸೆಕ್ಷನ್‌ನಲ್ಲಿ ವಿಚ್ಛೇದನದ ಕಾರಣಗಳಲ್ಲೊಂದು. ಬರೀ ರೋಗದ ಹೆಸರು ಸಾಲದು, ಜೊತೆಗೆ ಬಾಳಲಾಗದಷ್ಟು ಅದು ತೀವ್ರವಾಗಿರಬೇಕೆಂದು 1988ರಲ್ಲಿ ರಾಮ ನಾರಾಯಣ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹೀಗಿದ್ದರೂ ಮಾತ್ರೆಚೀಟಿ ಕೋರ್ಟಿನಲ್ಲಿ ಸಾಕ್ಷ್ಯವಾದೀತೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನೇ ಮುಂದೂಡುವ ಹೆಂಗಸರಿಗೆ 2017ರ ಕಾಯಿದೆಯಲ್ಲಿ ಉತ್ತರವಿಲ್ಲ.