ಕೀಲೆಣ್ಣೆಯಿಂದ ಬೇರಿಂಗಿಗೆ

ಪುಣೆಯಿಂದ ಮುಂಬೈಗೆ ಬರುತ್ತ ಖಂಡಾಲಾ ಘಟ್ಟ ಇಳಿಯುವಾಗ ನಮ್ಮ ಹಳೆಯ ಕಾರಿನ ಮುಂಚಕ್ರವೊಂದು ಗುಂಯ್‌ಗುಡತೊಡಗಿತು. ಬಲಕ್ಕೆ ತಿರುಗಿದರೆ ಸದ್ದು ಏರುತ್ತಿತ್ತು, ಎಡಕ್ಕೆ ತಿರುಗಿದರೆ ತಗ್ಗುತ್ತಿತ್ತು. ತಿರುವಿನಲ್ಲಿ ಭಾರವೆಲ್ಲ ಹೊರಬದಿಯ ಚಕ್ರದ ಮೇಲೆ ಬೀಳುವುದರಿಂದ, ಕೆಟ್ಟಿರುವುದು ಎಡಗಡೆಯ ಬೇರಿಂಗ್ ಎಂದು ಕುರ್ಲಾದ ಮೆಕ್ಯಾನಿಕ್ ಜಾಕ್ ಏರಿಸುವ ಮೊದಲೇ ಹೇಳಿದರು. ಬಿಚ್ಚಿ ನೋಡಿದರೆ ರೋಲರುಗಳು ಕಾದು ನೀಲಿಗಟ್ಟಿದ್ದವು. ಹಿಂದಿನ ವರ್ಷ ಬೇರೊಂದು ಗ್ಯಾರೇಜಿನವರು ಗ್ರೀಸ್ ತುಂಬಿ, ನಟ್ಟನ್ನು ಬಿಗಿದು ಹಾಗೆಯೇ ಬಿಟ್ಟಿದ್ದರು. ಬಿಗಿದ ಮೇಲೆ ತುಸು ಸಡಿಲಿಸಬೇಕಿತ್ತು. ಆ 'ತುಸು' ಎಲ್ಲಿಂದ ಬಂತೆಂದು ಹುಡುಕಹೊರಟಾಗ ನಾವು ಬಹಳ ಹಿಂದಕ್ಕೆ ಹೋಗಬೇಕಾಯಿತು.

ಋಗ್ವೇದದಲ್ಲಿ 'ಸುಖ' ಎಂಬುದು ರಥಕ್ಕೆ ಬರುವ ವಿಶೇಷಣ. 'ಖ' ಎಂದರೆ ರಂಧ್ರ. ಅಚ್ಚು ಸಲೀಸಾಗಿ ಕೂರುವ ಒಳ್ಳೆಯ ರಂಧ್ರವುಳ್ಳ ಚಕ್ರದ ಗುಣವೇ ಸುಖ ಎಂಬ ವ್ಯುತ್ಪತ್ತಿಯೊಂದಿದೆ. ನಮ್ಮ ಎತ್ತಿನ ಗಾಡಿಯವರೆಗೂ ಈ ವ್ಯವಸ್ಥೆ ಹೆಚ್ಚು ಬದಲಾಗಲಿಲ್ಲ. ಅಚ್ಚಿಗೆ ಕೀಲೆಣ್ಣೆ, ಚಕ್ರ ಕಳಚದಂತೆ ತುದಿಗೊಂದು ಕಡಾಣಿ. ಚಕ್ರ ಅಚ್ಚಿನ ಮೇಲೆ ಉಜ್ಜುತ್ತಲೇ ತಿರುಗಬೇಕು. ಎತ್ತಿನ ಶಕ್ತಿಯ ಒಂದು ಪಾಲು ಆ ಉಜ್ಜಾಟಕ್ಕೇ ಹೋಗುತ್ತಿತ್ತು.

ಉಜ್ಜುವ ಬದಲು ಉರುಳಿಸಬೇಕೆಂಬ ಯೋಚನೆ ಹೊಳೆದದ್ದು ಒಬ್ಬಿಬ್ಬರಿಗಲ್ಲ. 1794ರಲ್ಲಿ ವೇಲ್ಸ್‌ನ ಕಬ್ಬಿಣದ ಉದ್ಯಮಿ ಫಿಲಿಪ್ ವಾನ್, ಸಾರೋಟಿನ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಆದರೆ ಎಲ್ಲ ಗುಂಡುಗಳೂ ಒಂದೇ ಅಳತೆಯವಾಗಿರಬೇಕು. ಒಂದು ದಪ್ಪವಾದರೆ ಭಾರವೆಲ್ಲ ಅದರ ಮೇಲೆಯೇ. ಉಕ್ಕಿನ ಗುಂಡುಗಳನ್ನು ಸಮವಾಗಿ ಅರೆಯುವ ಯಂತ್ರವನ್ನು ಜರ್ಮನಿಯ ಶ್ವೈನ್‌ಫರ್ಟಿನಲ್ಲಿ ಫ್ರೀಡ್ರಿಕ್ ಫಿಷರ್ ರೂಪಿಸುವ ಹೊತ್ತಿಗೆ 1883 ಬಂದಿತ್ತು. (ಅದೇ ಊರಿನ ಬೇರಿಂಗ್ ಕಾರ್ಖಾನೆಗಳ ಮೇಲೆ 1943ರ ಅಕ್ಟೋಬರ್ 14ರಂದು ದಾಳಿ ಮಾಡಿದ ಅಮೆರಿಕನ್ನರು 60 ಬಾಂಬರ್ ವಿಮಾನಗಳನ್ನು ಕಳೆದುಕೊಂಡರು. ಬೇರಿಂಗ್ ಇಲ್ಲದೆ ಯುದ್ಧಯಂತ್ರವೂ ನಿಲ್ಲುತ್ತದೆಂಬ ಲೆಕ್ಕಾಚಾರ ಅದು.)

ನಮ್ಮ ಚಕ್ರದ ಕತೆ ಮಾತ್ರ ಹೆನ್ರಿ ಟಿಮ್ಕೆನ್ ಎಂಬ ಸಾರೋಟು ತಯಾರಕನದು. ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, ಸೇಂಟ್ ಲೂಯಿಸ್ ನಗರದಲ್ಲಿ ನೆಲೆನಿಂತವನು. ಗಾಡಿ ತಿರುಗುವಾಗ ಚಕ್ರವನ್ನು ಪಕ್ಕದಿಂದಲೂ ಬಲವೊಂದು ಒತ್ತುತ್ತದೆ. ನೇರವಾದ ರೋಲರ್ ಮೇಲಿನ ಭಾರ ಹೊರುತ್ತದೆ, ಈ ಒತ್ತಡವನ್ನು ತಾಳದು. ಟಿಮ್ಕೆನ್ ರೋಲರನ್ನು ಒಂದು ತುದಿಗೆ ಸಪೂರವಾಗಿಸಿ ಓರೆಯಾಗಿ ಕೂರಿಸಿದ. ಎಲ್ಲ ರೋಲರುಗಳ ಓರೆಯನ್ನೂ ಗೆರೆಯಾಗಿ ಮುಂದುವರಿಸಿದರೆ ಅವು ಅಚ್ಚಿನ ನಡುಗೆರೆಯ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆದ್ದರಿಂದ ಜಾರದೆ ಉರುಳುತ್ತವೆ. ಸೋದರಳಿಯ ಹೈನ್ಜೆಲ್ಮನ್ ಜೊತೆ 1898ರಲ್ಲಿ ಪಡೆದ ಪೇಟೆಂಟ್ ಕುದುರೆಗಾಡಿಯ ಕಾಲದ್ದು. 1901ರಲ್ಲಿ ಕಂಪನಿ ಒಹಾಯೋದ ಕ್ಯಾಂಟನ್ನಿಗೆ ಸ್ಥಳಾಂತರಗೊಂಡಿತು. ಉಕ್ಕೂ ಕಾರಿನ ಕಾರ್ಖಾನೆಗಳೂ ಅಲ್ಲಿಗೆ ಹತ್ತಿರ.

ಓರೆಯ ಜೊತೆಗೇ ಬಂದದ್ದು ಆ 'ತುಸು'. ಓರೆಯಾದ ಎರಡು ಬೇರಿಂಗುಗಳು ಎದುರುಬದುರಾಗಿ ಕೂತಿರುವುದರಿಂದ ನಟ್ಟನ್ನು ಬಿಗಿದಷ್ಟೂ ರೋಲರುಗಳು ಕಪ್ಪಿನೊಳಗೆ ಒತ್ತಿಕೊಳ್ಳುತ್ತವೆ. ಬಹಳ ಸಡಿಲವಾದರೆ ಚಕ್ರ ಅಲ್ಲಾಡುತ್ತದೆ. ಬಹಳ ಬಿಗಿಯಾದರೆ ಕಾದು, ಗ್ರೀಸ್ ಕರಗಿ, ಉಕ್ಕು ನೀಲಿಗಟ್ಟುತ್ತದೆ. ಸುಖ ಇರುವುದು ಇವೆರಡರ ನಡುವಿನ, ಕೂದಲೆಳೆಯಷ್ಟು ಜಾಗದಲ್ಲಿ.

ಮೆಕ್ಯಾನಿಕ್ ಹಬ್ಬಿನಲ್ಲಿ ಬಿಗಿಯಾಗಿ ಕೂತಿದ್ದ ಹಳೆಯ ಕಪ್ಪನ್ನು ಹಿತ್ತಾಳೆಯ ಸರಳಿನಿಂದ ಸುತ್ತಲೂ ಬಡಿದು ಹೊರತೆಗೆದರು. ರೋಲರು ಹೊಸದು, ಕಪ್ಪು ಹಳೆಯದು ಎಂದರೆ ನಡೆಯದು, ಅವು ಜೋಡಿ. ಹೊಸ ಬೇರಿಂಗನ್ನು ಅಂಗೈಯ ಗ್ರೀಸಿಗೆ ಒತ್ತಿ ಒತ್ತಿ ಪ್ರತಿ ರೋಲರಿನ ಸಂದಿಗೂ ತುಂಬಿದರು. ಚಕ್ರವನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದರು, ಸಡಿಲಿಸಿದರು, ಬೆರಳಿನಿಂದ ಮತ್ತೆ ಕೂರಿಸಿದರು. ಈಚಿನ ಕಾರುಗಳಲ್ಲಿ ಮುಚ್ಚಿದ ಬೇರಿಂಗ್ ಕಾರ್ಖಾನೆಯಲ್ಲೇ ಹೊಂದಿಕೊಂಡು ಬರುತ್ತದೆ. ಕೆಟ್ಟರೆ ಇಡಿಯಾಗಿ ಬದಲಿಸಿದರಾಯಿತು. ತಪ್ಪು ಮಾಡುವ ಅವಕಾಶ ಕಡಿಮೆ ಎಂಬುದನ್ನು, ನೀಲಿಗಟ್ಟಿದ ರೋಲರನ್ನು ಕೈಯಲ್ಲಿ ಹಿಡಿದಿದ್ದ ನಾವು ಒಪ್ಪಲೇಬೇಕು. ಆದರೆ ಆ ಬೆರಳಿಗೆ ಗೊತ್ತಿರುವುದನ್ನು ಕಲಿಯುವವರು ಗ್ಯಾರೇಜಿನಲ್ಲಿ ಈಗ ಯಾರೂ ಇರಲಿಲ್ಲ.

ಕೊನೆಗೆ ಹೊಸ ಸ್ಪ್ಲಿಟ್ ಪಿನ್ ತೂರಿಸಿ ಅದರ ಎರಡು ಕಾಲುಗಳನ್ನೂ ಮಡಿಸಿದರು. ಹೆಸರು ಬೇರೆಯಾದರೂ ಅದು ಕಡಾಣಿಯೇ. ಬಲಚಕ್ರವನ್ನೂ ನೋಡಬೇಕೆ ಎಂದು ಕೇಳಿದೆವು. ಅವರು ಜಾಕನ್ನು ಆಗಲೇ ಆಚೆ ಬದಿಗೆ ಎಳೆಯುತ್ತಿದ್ದರು. ಆ ನಟ್ಟೂ ಬಿಗಿಯಾಗಿಯೇ ಇತ್ತು.